ಬೇಸಿಗೆಯ ಬಯಲು ಮೇಳಗಳಲ್ಲಿ ಕೈತಯಾರಿಕೆಯ ಆಭರಣಗಳ ಪ್ರದರ್ಶನ: ಕುಶಲಕರ್ಮಿಗಳಿಗೆ ಮಾಹಿತಿ

ಪೀಠಿಕೆ

ಕೈಯಿಂದ ಆಭರಣ ತಯಾರಿಸುವ ಹಲವು ಪರಂಪರೆಗಳು ಕರ್ನಾಟಕದಲ್ಲಿ ಇಂದಿಗೂ ಜೀವಂತವಾಗಿವೆ. ಚನ್ನಪಟ್ಟಣದಲ್ಲಿ ಅರಗಿನ ಬಣ್ಣ ಹಚ್ಚಿದ ಮರದ ಮಣಿ ಮತ್ತು ಬಳೆಗಳು, ಬೀದರಿನಲ್ಲಿ ಬೆಳ್ಳಿ ಕೂರಿಸಿದ ಬಿದರಿ ಪದಕ ಹಾಗೂ ಓಲೆಗಳು, ಸಂಡೂರು ಮತ್ತಿತರ ಕಡೆಯ ತಾಂಡಾಗಳಲ್ಲಿ ಲಂಬಾಣಿ ಮಹಿಳೆಯರು ಕವಡೆ, ಕನ್ನಡಿ, ನಾಣ್ಯಗಳಿಂದ ಕಟ್ಟುವ ಸರಗಳು, ನಗರಗಳಲ್ಲಿ ಸ್ವಸಹಾಯ ಗುಂಪುಗಳು ತಯಾರಿಸುವ ಸುಟ್ಟ ಮಣ್ಣಿನ ಆಭರಣಗಳು, ಅಕ್ಕಸಾಲಿಗರ ಬೆಳ್ಳಿಯ ಕೆಲಸ ಇವು ಇದಕ್ಕೆ ಉದಾಹರಣೆಗಳು. ಈ ಕುಶಲಕರ್ಮಿಗಳಲ್ಲಿ ಅನೇಕರಿಗೆ ಸ್ವಂತ ಅಂಗಡಿಯಿಲ್ಲ. ಮೇಳ, ಜಾತ್ರೆ ಮತ್ತು ಸಂತೆಗಳೇ ಅವರಿಗೆ ಗ್ರಾಹಕರನ್ನು ನೇರವಾಗಿ ಕಾಣುವ ಸ್ಥಳಗಳಾಗಿವೆ.

ಬೆಂಗಳೂರಿನ ಕುಮಾರಕೃಪಾ ರಸ್ತೆಯಲ್ಲಿ ಕರ್ನಾಟಕ ಚಿತ್ರಕಲಾ ಪರಿಷತ್ತು ನಡೆಸಿಕೊಂಡು ಬಂದಿರುವ ಚಿತ್ರಸಂತೆಯು ಜನವರಿಯಲ್ಲಿಯೂ, ಹರಿಯಾಣದ ಸೂರಜ್‌ಕುಂಡ ಕರಕುಶಲ ಮೇಳವು ಫೆಬ್ರವರಿಯಲ್ಲಿಯೂ ಸಾಮಾನ್ಯವಾಗಿ ನಡೆಯುತ್ತವೆ. ಇವು ತಂಪು ಕಾಲದ ಮೇಳಗಳು. ಆದರೆ ರಾಜ್ಯದ ಅನೇಕ ಜಾತ್ರೆಗಳು ಹಾಗೂ ಶಾಲಾ ರಜೆಯ ಅವಧಿಯ ಕಲಾಮೇಳಗಳು ಮಾರ್ಚ್‌ನಿಂದ ಮೇ ತಿಂಗಳವರೆಗಿನ ಬೇಸಿಗೆಯಲ್ಲಿ ನಡೆಯುತ್ತವೆ. 1994ರಲ್ಲಿ ಆರಂಭವಾದ ದೆಹಲಿಯ ದಿಲ್ಲಿ ಹಾಟ್‌ನಂತಹ ಬಯಲು ಮಾರುಕಟ್ಟೆಗಳು ವರ್ಷವಿಡೀ ತೆರೆದಿದ್ದು, ರಾಜ್ಯದ ಕುಶಲಕರ್ಮಿಗಳು ಅಲ್ಲಿಗೆ ಬೇಸಿಗೆಯಲ್ಲಿಯೂ ತೆರಳುತ್ತಾರೆ.

ಬೇಸಿಗೆಯ ಮೇಳದಲ್ಲಿ ಜನಸಂದಣಿ ಹೆಚ್ಚು, ಅಪಾಯವೂ ಹೆಚ್ಚು. ಎರಡು ಮೂರು ತಿಂಗಳ ದುಡಿಮೆಯ ಫಲವು ಎರಡು ಪೆಟ್ಟಿಗೆಗಳಲ್ಲಿ ಮೇಳಕ್ಕೆ ಬರುತ್ತದೆ. ಒಂದು ಮಧ್ಯಾಹ್ನದ ಬಿಸಿಲಿಗೆ ಅರಗು ಮೆತ್ತಗಾಗಿ ಬಳೆಗಳು ಒಂದಕ್ಕೊಂದು ಅಂಟಿಕೊಂಡರೆ ಅಥವಾ ಒಂದು ಸಂಜೆಯ ಬಿರುಗಾಳಿಗೆ ಮಳಿಗೆ ಮಗುಚಿದರೆ ಆ ನಷ್ಟವನ್ನು ತುಂಬಿಕೊಳ್ಳುವುದು ಸಣ್ಣ ಕುಟುಂಬಕ್ಕೆ ಕಷ್ಟಸಾಧ್ಯ. ಆದುದರಿಂದ ಬಯಲಿನಲ್ಲಿ ಆಭರಣವನ್ನು ಮೊದಲು ಕೆಡದಂತೆ ಉಳಿಸಿಕೊಳ್ಳುವುದು, ಅನಂತರ ಅದು ಇರುವ ಹಾಗೆಯೇ ಗ್ರಾಹಕರಿಗೆ ಕಾಣುವಂತೆ ಇಡುವುದು, ಬಳಿಕ ಅದರ ನಿಜವನ್ನು ಹೇಳಿ ಮಾರುವುದು ಎಂಬ ಮೂರು ಹಂತಗಳಲ್ಲಿ ಸಿದ್ಧತೆ ಮಾಡಿಕೊಳ್ಳುವುದು ಸೂಕ್ತ. ಈ ಪುಟದಲ್ಲಿ ಇದೇ ಕ್ರಮದಲ್ಲಿ ಮಾಹಿತಿಯನ್ನು ನೀಡಲಾಗಿದೆ.

1. ಬಿಸಿಲು, ಬೆವರು ಮತ್ತು ಆಭರಣದ ವಸ್ತು

ಎಲ್ಲ ಆಭರಣಗಳೂ ಬಿಸಿಲಿಗೆ ಒಂದೇ ರೀತಿಯಲ್ಲಿ ಕೆಡುವುದಿಲ್ಲ. ಯಾವುದನ್ನು ಮಳಿಗೆಯ ಮುಂಭಾಗದಲ್ಲಿ ಇಡಬಹುದು, ಯಾವುದನ್ನು ನೆರಳಿನಲ್ಲಿಯೇ ಇಡಬೇಕು ಎಂಬುದನ್ನು ವಸ್ತುವಿನ ಗುಣವನ್ನು ನೋಡಿ ನಿರ್ಧರಿಸತಕ್ಕದ್ದು.

ಅ) ಅರಗು: ಚನ್ನಪಟ್ಟಣದ ಕೆಲಸದಲ್ಲಿ ತಿರುಗುವ ಮರಕ್ಕೆ ಅರಗಿನ ಕಡ್ಡಿಯನ್ನು ಒತ್ತಿ ಹಿಡಿದಾಗ ಉಜ್ಜುವಿಕೆಯ ಶಾಖಕ್ಕೆ ಅರಗು ಕರಗಿ ಮರಕ್ಕೆ ಹತ್ತುತ್ತದೆ. ಹತ್ತಿಸಿದ ಶಾಖವೇ ಅದನ್ನು ಕೆಡಿಸಲೂ ಬಲ್ಲದು. ಅರಗು ಸುಮಾರು 65ರಿಂದ 80 ಡಿಗ್ರಿ ಸೆಲ್ಸಿಯಸ್ ನಡುವೆ ಮೆತ್ತಗಾಗಿ ಕರಗುತ್ತದೆ. ನೆರಳಿನ ಉಷ್ಣಾಂಶ 38 ಡಿಗ್ರಿ ಇರುವ ದಿನ ಬಿಸಿಲಿನಲ್ಲಿ ನಿಲ್ಲಿಸಿ ಬಾಗಿಲು ಮುಚ್ಚಿದ ಕಾರಿನ ಒಳಭಾಗವು 60 ಡಿಗ್ರಿಯವರೆಗೆ ಕಾಯಬಹುದು. ಡ್ಯಾಶ್‌ಬೋರ್ಡ್‌ನ ಮೇಲ್ಮೈ ಅದಕ್ಕಿಂತಲೂ ಹೆಚ್ಚು ಬಿಸಿಯಾಗುತ್ತದೆ. ಆದುದರಿಂದ ಅರಗಿನ ಬಳೆ, ಮಣಿಗಳನ್ನೂ, ಒಳಗೆ ಅರಗು ತುಂಬಿದ ಟೊಳ್ಳು ಗುಂಡುಗಳನ್ನೂ, ಅರಗಿನಲ್ಲಿ ಹರಳು ಕೂರಿಸಿದ ಒಡವೆಗಳನ್ನೂ ವಾಹನದಲ್ಲಿ ಬಿಟ್ಟು ಹೋಗಬಾರದು. ಬಳೆಗಳನ್ನು ಒಂದರ ಮೇಲೊಂದು ಒತ್ತಾಗಿ ಕಟ್ಟದೆ ನಡುವೆ ತೆಳು ಕಾಗದ ಅಥವಾ ಹತ್ತಿ ಬಟ್ಟೆಯನ್ನು ಇಡಬೇಕು. ಸಸ್ಯಜನ್ಯ ಬಣ್ಣಗಳಲ್ಲಿ ಹಲವು ಬಿಸಿಲಿಗೆ ಮಾಸುವುದರಿಂದ ಒಂದೇ ಮಾದರಿಯನ್ನು ದಿನವಿಡೀ ಬೆಳಕಿಗೆ ಒಡ್ಡುವುದು ಸಲ್ಲದು.

ಆ) ಬೆಳ್ಳಿ: ಗಾಳಿಯಲ್ಲಿರುವ ಗಂಧಕದ ಅಂಶಗಳು ಬೆಳ್ಳಿಯೊಡನೆ ಸೇರಿ ಕಪ್ಪು ಲೇಪವನ್ನು ಉಂಟುಮಾಡುತ್ತವೆ. ತೇವ ಮತ್ತು ಬೆವರು ಇದನ್ನು ತ್ವರಿತಗೊಳಿಸುತ್ತವೆ. ರಬ್ಬರಿನಲ್ಲಿ ಗಂಧಕವಿರುವುದರಿಂದ ಬೆಳ್ಳಿಯ ಸರಗಳನ್ನು ರಬ್ಬರ್ ಬ್ಯಾಂಡಿನಿಂದ ಕಟ್ಟಬಾರದು. ಗ್ರಾಹಕರು ಧರಿಸಿ ನೋಡಿದ ಒಡವೆಯನ್ನು ಮೆತ್ತನೆಯ ಒಣ ಹತ್ತಿ ಬಟ್ಟೆಯಿಂದ ಒರೆಸಿಯೇ ಮರಳಿ ಇಡಬೇಕು. ದಿನದ ಕೊನೆಗೆ ಗಾಳಿಯಾಡದ ಸಣ್ಣ ಚೀಲಗಳಲ್ಲಿ ಪ್ರತ್ಯೇಕವಾಗಿ ಕಟ್ಟಿಡಬೇಕು.

ಇ) ಬಿದರಿ: ಬಿದರಿಯು ಸತುವಿಗೆ ಅಲ್ಪ ಪ್ರಮಾಣದ ತಾಮ್ರವನ್ನು ಸೇರಿಸಿ ಎರಕ ಹೊಯ್ದ ಮಿಶ್ರಲೋಹ. ಬೀದರ ಕೋಟೆಯ ಹಳೆಯ ಭಾಗಗಳಿಂದ ತಂದ ಮಣ್ಣನ್ನು ನವಸಾಗರದೊಂದಿಗೆ ಬೆರೆಸಿ ಹಚ್ಚಿದಾಗ ಮಿಶ್ರಲೋಹವು ಕಪ್ಪಾಗುತ್ತದೆ; ಬೆಳ್ಳಿಯ ಕುಸುರಿ ಬೆಳ್ಳಗೆ ಉಳಿಯುತ್ತದೆ. ಬೆವರಿನ ಕೈಗಳು ಪದೇ ಪದೇ ತಾಗಿದರೆ ಈ ಕಪ್ಪು ಮಂಕಾಗುತ್ತದೆ. ಪ್ರದರ್ಶನದ ಪ್ರತಿಗಳಿಗೆ ಆಗಾಗ್ಗೆ ಒಂದೆರಡು ಹನಿ ಕೊಬ್ಬರಿ ಎಣ್ಣೆಯನ್ನು ಬಟ್ಟೆಗೆ ತಾಗಿಸಿ ಒರೆಸುವುದರಿಂದ ಕಪ್ಪಿನ ಆಳ ಮರಳುತ್ತದೆ. ಒರಟು ಪುಡಿಯಿಂದ ಉಜ್ಜಬಾರದು.

ಈ) ಸುಟ್ಟ ಮಣ್ಣು: ಮಣ್ಣಿನ ಆಭರಣಕ್ಕೆ ಬಿಸಿಲಿಗಿಂತ ಪೆಟ್ಟು ಮತ್ತು ಮಳೆಯಿಂದಲೇ ಹೆಚ್ಚು ಅಪಾಯ. ಗಾಳಿಗೆ ತೂಗಾಡಿ ಒಂದಕ್ಕೊಂದು ತಗಲುವಂತೆ ಜುಮುಕಿಗಳನ್ನು ನೇತುಹಾಕಬಾರದು. ಬಣ್ಣ ಹಚ್ಚಿದ ಪ್ರತಿಗಳು ನೆನೆದರೆ ಒರೆಸದೆ, ನೆರಳಿನಲ್ಲಿ ಹರಡಿ ಒಣಗಿಸಬೇಕು.

ಉ) ಹರಳು ಮತ್ತು ಮುತ್ತು: ನೇರಳೆ ಬಣ್ಣದ ಅಮೆಥಿಸ್ಟ್ ಹರಳು ದೀರ್ಘಕಾಲ ಬಿಸಿಲಿನಲ್ಲಿದ್ದರೆ ಬಣ್ಣ ಕಳೆದುಕೊಳ್ಳಬಹುದು. ಓಪಲ್ ಹರಳಿನಲ್ಲಿ ನೀರಿನ ಅಂಶವಿದ್ದು, ಒಣ ಶಾಖಕ್ಕೆ ಬಿರುಕು ಬಿಡಬಹುದು. ಮುತ್ತು ಸಹ ಶಾಖಕ್ಕೂ ಬೆವರಿಗೂ ಮಂಕಾಗುತ್ತದೆ. ಇವುಗಳನ್ನು ಮಳಿಗೆಯ ಒಳಭಾಗದಲ್ಲಿಯೇ ಇಡತಕ್ಕದ್ದು.

ಊ) ಇತರ ಲೋಹಗಳು: ಬಿಸಿಲಿಗೆ ಕಾದ ಲೋಹದ ಬಳೆಯಾಗಲಿ ಕಡಗವಾಗಲಿ ಗ್ರಾಹಕರ ಚರ್ಮವನ್ನು ಸುಡಬಲ್ಲದು. ವಿಶೇಷವಾಗಿ ಮಕ್ಕಳಿಗೆ ತೊಡಿಸುವ ಮುನ್ನ ಮಾರಾಟಗಾರರು ತಾವೇ ಮುಟ್ಟಿ ನೋಡಬೇಕು.

ಗಾಜಿನ ಮುಚ್ಚಳದ ಪೆಟ್ಟಿಗೆಗಳು ಧೂಳನ್ನು ತಡೆಯುತ್ತವೆಯಾದರೂ ಬಿಸಿಲು ಬಿದ್ದಾಗ ಒಳಗಿನ ಶಾಖವನ್ನು ಹೊರಬಿಡುವುದಿಲ್ಲ. ಬೇಸಿಗೆಯಲ್ಲಿ ಇವುಗಳನ್ನು ಪೂರ್ಣ ನೆರಳಿನಲ್ಲಿ ಮಾತ್ರ ಬಳಸುವುದು ಸೂಕ್ತ.

2. ಮಳಿಗೆಯ ದಿಕ್ಕು ಮತ್ತು ನೆರಳು

ಕರ್ನಾಟಕದಲ್ಲಿ ಏಪ್ರಿಲ್ ಮತ್ತು ಮೇ ತಿಂಗಳಲ್ಲಿ ನಡುಹಗಲಿನ ಸೂರ್ಯ ಬಹುತೇಕ ನೆತ್ತಿಯ ಮೇಲಿರುತ್ತಾನೆ. ಬೆಂಗಳೂರಿನಲ್ಲಿ ಏಪ್ರಿಲ್ ಕೊನೆಯ ವಾರದ ಸುಮಾರಿಗೆ ಕಂಬದ ನೆರಳು ನಡುಹಗಲಿನಲ್ಲಿ ಬುಡದಲ್ಲಿಯೇ ಬೀಳುತ್ತದೆ. ಆ ಹೊತ್ತಿನಲ್ಲಿ ಮೇಲ್ಚಾವಣಿಯ ನೆರಳು ಮೇಜಿನ ಮೇಲೆಯೇ ಇರುವುದರಿಂದ ತೊಂದರೆ ಕಡಿಮೆ. ಬೆಳಿಗ್ಗೆ ಪೂರ್ವದಿಂದಲೂ, ಮಧ್ಯಾಹ್ನ 3 ಗಂಟೆಯ ನಂತರ ಪಶ್ಚಿಮದಿಂದಲೂ ಓರೆಯಾಗಿ ಬರುವ ಬಿಸಿಲು ಚಾವಣಿಯ ಅಡಿಗೆ ನುಗ್ಗಿ ಸರಕಿನ ಮೇಲೆ ಬೀಳುತ್ತದೆ. ಜನ ಹೆಚ್ಚಾಗಿ ಬರುವ ಸಂಜೆಯ ಹೊತ್ತಿಗೇ ಸರಕು ಕಾದಿರುತ್ತದೆ.

ಈ ಕಾರಣದಿಂದ ಮಳಿಗೆಯ ಆಯ್ಕೆಗೆ ಅವಕಾಶವಿದ್ದಲ್ಲಿ ಉತ್ತರಕ್ಕೆ ಅಥವಾ ದಕ್ಷಿಣಕ್ಕೆ ತೆರೆದಿರುವ ಮಳಿಗೆಯನ್ನು ಕೇಳಿ ಪಡೆಯುವುದು ಉತ್ತಮ. ಪಶ್ಚಿಮ ಬದಿಯನ್ನು ಬಿಳಿ ಹತ್ತಿ ಬಟ್ಟೆ ಅಥವಾ ಚಾಪೆಯಿಂದ ಮುಚ್ಚಬೇಕು. ಮರದ ನೆರಳು ತಂಪಾಗಿರುತ್ತದೆಯಾದರೂ ಒಣ ಕೊಂಬೆಗಳಿರುವ ಮರದ ಕೆಳಗೆ, ವಿದ್ಯುತ್ ತಂತಿಗಳ ಕೆಳಗೆ ಹಾಗೂ ಮಳೆನೀರು ಹರಿದು ಬರುವ ತಗ್ಗಿನಲ್ಲಿ ಮಳಿಗೆ ಹಾಕಬಾರದು.

ಚಾವಣಿಯ ಬಣ್ಣವು ಆಭರಣದ ಬಣ್ಣವನ್ನೇ ಬದಲಿಸಿ ತೋರಿಸುತ್ತದೆ. ನೀಲಿ ಪ್ಲಾಸ್ಟಿಕ್ ಟಾರ್ಪಾಲಿನ ಕೆಳಗೆ ಸುಟ್ಟ ಮಣ್ಣು ಜೀವ ಕಳೆದುಕೊಂಡಂತೆಯೂ, ಹಳದಿ ಶಾಮಿಯಾನದ ಕೆಳಗೆ ಬೆಳ್ಳಿಯು ಚಿನ್ನದ ನೀರು ಕೊಟ್ಟಂತೆಯೂ ಕಾಣುತ್ತದೆ. ಹೀಗೆ ಕೊಂಡ ಗ್ರಾಹಕರಿಗೆ ಮನೆಯಲ್ಲಿ ಬೇರೆಯೇ ಬಣ್ಣ ಕಂಡಾಗ ಮೋಸ ಹೋದ ಭಾವನೆ ಉಂಟಾಗುತ್ತದೆ. ಬಿಳಿ ಬಟ್ಟೆಯ ಚಾವಣಿ ಸರ್ವೋತ್ತಮ. ಬಣ್ಣದ ಟಾರ್ಪಾಲು ಅನಿವಾರ್ಯವಾದಲ್ಲಿ ಅದರ ಕೆಳಗೆ ಬಿಳಿ ಬಟ್ಟೆಯನ್ನು ಕಟ್ಟಬಹುದು.

3. ಜೋಡಣೆಯ ಕ್ರಮ

ಮೇಜಿನ ಮೇಲೆ ಹಾಸುವ ಬಟ್ಟೆ ಸಾದಾ ಇರಬೇಕು. ಕಪ್ಪು ಬಟ್ಟೆಯ ಮೇಲೆ ಬೆಳ್ಳಿ ಎದ್ದು ಕಾಣುತ್ತದೆಯಾದರೂ ಅದು ಬಿಸಿಲನ್ನು ಹೀರಿ ಬೇಗ ಕಾಯುತ್ತದೆ ಮತ್ತು ಮೈದಾನದ ಧೂಳನ್ನು ಎತ್ತಿ ತೋರಿಸುತ್ತದೆ. ಬೂದು ಬಣ್ಣದ ಅಥವಾ ಬಣ್ಣ ಹಾಕದ ಖಾದಿ ಬಟ್ಟೆ ಬಯಲಿಗೆ ಸೂಕ್ತ. ಬಿದರಿಗೆ ತಿಳಿ ಬಣ್ಣದ ಹಾಸು, ಚನ್ನಪಟ್ಟಣದ ಬಣ್ಣದ ಮಣಿಗಳಿಗೆ ಮರದ ಹಲಗೆ ಹೊಂದುತ್ತವೆ.

ಎಲ್ಲ ಸರಕನ್ನೂ ಒಮ್ಮೆಲೇ ಹರಡುವ ರೂಢಿ ಸಾಮಾನ್ಯವಾಗಿದೆ. ಆದರೆ ರಾಶಿಯಲ್ಲಿರುವ ಒಡವೆಯನ್ನು ಗ್ರಾಹಕರು ಅಗ್ಗದ ಕಾರ್ಖಾನೆ ಮಾಲೆಂದೇ ಭಾವಿಸುತ್ತಾರೆ. ಪ್ರತಿ ಮಾದರಿಯ ಒಂದೆರಡು ಪ್ರತಿಗಳನ್ನು ಮಾತ್ರ ಹೊರಗಿಟ್ಟು, ಉಳಿದುದನ್ನು ಮೇಜಿನ ಕೆಳಗೆ ನೆರಳಿನಲ್ಲಿ ಮುಚ್ಚಳವಿರುವ ಪೆಟ್ಟಿಗೆಯಲ್ಲಿ ಇಡುವುದರಿಂದ ಸರಕು ಕೆಡುವುದೂ ಕಳುವಾಗುವುದೂ ಕಡಿಮೆಯಾಗುತ್ತದೆ. ಮಳೆ ಬಂದಾಗ ಎತ್ತಿಡುವುದೂ ಸುಲಭ. ಹಾರಗಳನ್ನು ಎದೆಯ ಮಟ್ಟದಲ್ಲಿ ಓರೆ ಹಲಗೆಯ ಮೇಲೆ, ಓಲೆಗಳನ್ನು ಕಣ್ಣಿನ ಮಟ್ಟದಲ್ಲಿ, ಬಳೆ ಮತ್ತು ಉಂಗುರಗಳನ್ನು ಕೈಗೆಟಕುವ ಮೇಜಿನ ಮೇಲೆ ಇಡಬಹುದು. ಗಾಲಿಕುರ್ಚಿಯಲ್ಲಿ ಬರುವವರಿಗೂ ಮಕ್ಕಳಿಗೂ ಕಾಣುವಂತೆ ಒಂದು ತಟ್ಟೆಯಾದರೂ ತಗ್ಗಿನಲ್ಲಿರಬೇಕು.

ಓಲೆ ಮತ್ತು ಉಂಗುರಗಳಿಗೆ ನಿಗದಿತ ಸಂಖ್ಯೆಯ ಕುಳಿಗಳಿರುವ ತಟ್ಟೆಗಳನ್ನು ಬಳಸಿ, ಎಲ್ಲ ಕುಳಿಗಳನ್ನೂ ತುಂಬಿಯೇ ಇಡಬೇಕು. ಹೀಗಿದ್ದಲ್ಲಿ ಒಂದು ಒಡವೆ ಕಾಣೆಯಾದ ಕೂಡಲೇ ಬರಿದಾದ ಕುಳಿ ಕಣ್ಣಿಗೆ ಬೀಳುತ್ತದೆ. ಒಬ್ಬ ಗ್ರಾಹಕರ ಮುಂದೆ ಏಕಕಾಲಕ್ಕೆ ಎರಡು ಮೂರಕ್ಕಿಂತ ಹೆಚ್ಚು ಒಡವೆಗಳನ್ನು ಇಡದಿರುವುದು ಒಳ್ಳೆಯದು. ರಾತ್ರಿ ವೇಳೆ ಮೇಳದಲ್ಲಿ ಕಾವಲು ಇದ್ದರೂ ಬೆಳ್ಳಿ ಹಾಗೂ ಬೆಲೆಬಾಳುವ ಒಡವೆಗಳನ್ನು ಮಳಿಗೆಯಲ್ಲಿ ಬಿಡಬಾರದು.

ಮುಖ ನೋಡುವ ಕನ್ನಡಿಯನ್ನು ನೆರಳಿನಲ್ಲಿಯೇ ಇಡತಕ್ಕದ್ದು. ಬಿಸಿಲಿಗೆ ಒಡ್ಡಿದ ಕನ್ನಡಿಯು ಗ್ರಾಹಕರ ಕಣ್ಣು ಕೋರೈಸುತ್ತದೆ. ದೊಡ್ಡದಾಗಿ ತೋರಿಸುವ ತಗ್ಗು ಕನ್ನಡಿಯು ಬಿಸಿಲನ್ನು ಒಂದೆಡೆ ಕೇಂದ್ರೀಕರಿಸಿ ಬಟ್ಟೆಗೆ ಬೆಂಕಿ ತಗಲಿಸಬಲ್ಲದು. ಭೂತಗನ್ನಡಿಯನ್ನೂ ಬಳಸಿದ ಕೂಡಲೇ ಮುಚ್ಚಿಡಬೇಕು.

4. ಬಿರುಗಾಳಿ, ಮಳೆ ಮತ್ತು ಸಿಡಿಲು

ಮುಂಗಾರಿಗೆ ಮುಂಚಿನ ಏಪ್ರಿಲ್ ಮತ್ತು ಮೇ ತಿಂಗಳ ಮಳೆಯನ್ನು ನಮ್ಮಲ್ಲಿ ಮಾವಿನ ಮಳೆಯೆಂದು ಕರೆಯುವ ರೂಢಿಯಿದೆ. ಈ ಮಳೆ ಸಾಮಾನ್ಯವಾಗಿ ಮಧ್ಯಾಹ್ನದ ನಂತರ, ಬಲವಾದ ಗಾಳಿ, ಗುಡುಗು ಹಾಗೂ ಕೆಲವೊಮ್ಮೆ ಆಲಿಕಲ್ಲಿನೊಂದಿಗೆ ಬರುತ್ತದೆ. ಹನಿ ಬೀಳುವ ಮೊದಲೇ ಗಾಳಿ ಬೀಸುವುದರಿಂದ ಹಲವು ಮಳಿಗೆಗಳು ಮಳೆಗಿಂತ ಮುಂಚೆಯೇ ಉರುಳುತ್ತವೆ.

ಗಾಳಿಯ ವೇಗ ಎರಡು ಪಟ್ಟಾದರೆ ಅದರ ಒತ್ತಡ ನಾಲ್ಕು ಪಟ್ಟಾಗುತ್ತದೆ. ಆದುದರಿಂದ ಮಡಿಚುವ ಚಪ್ಪರದ ನಾಲ್ಕೂ ಕಾಲುಗಳಿಗೆ, ಬೆಳಿಗ್ಗೆ ಗಾಳಿಯಿಲ್ಲದಿದ್ದರೂ, ಭಾರವನ್ನು ಕಟ್ಟಿಯೇ ವ್ಯಾಪಾರ ಆರಂಭಿಸಬೇಕು. ಮರಳು ತುಂಬಿದ ಚೀಲಗಳನ್ನು ಅಥವಾ 20 ಲೀಟರ್ ನೀರಿನ ಕ್ಯಾನುಗಳನ್ನು ಬಳಸಬಹುದು. ತುಂಬಿದ ಒಂದು ಕ್ಯಾನು ಸುಮಾರು 20 ಕಿಲೋಗ್ರಾಂ ತೂಗುತ್ತದೆ. ಮಣ್ಣಿನ ನೆಲವಿದ್ದಲ್ಲಿ ಗೂಟ ಹೊಡೆದು ಹಗ್ಗದಿಂದಲೂ ಬಿಗಿಯಬೇಕು. ಜನರು ಎಡವದಂತೆ ಹಗ್ಗಕ್ಕೆ ಬಿಳಿ ಬಟ್ಟೆಯ ಚೂರುಗಳನ್ನು ಕಟ್ಟಬೇಕು.

ಚಾವಣಿಯ ಬಟ್ಟೆ ಜೋಲಾಗಿದ್ದರೆ ಮಳೆನೀರು ಅದರಲ್ಲಿ ನಿಲ್ಲುತ್ತದೆ. 3 ಮೀಟರ್ ಉದ್ದ, 3 ಮೀಟರ್ ಅಗಲದ ಚಾವಣಿಯ ಮೇಲೆ ಕೇವಲ 1 ಸೆಂಟಿಮೀಟರ್ ಮಳೆ ಬಿದ್ದು ನಿಂತರೂ ಅದು 90 ಲೀಟರ್, ಅಂದರೆ 90 ಕಿಲೋಗ್ರಾಂ ಭಾರ. ಚಾವಣಿಯನ್ನು ಬಿಗಿಯಾಗಿ ಎಳೆದು ಒಂದು ಬದಿಗೆ ಇಳಿಜಾರು ಕೊಡುವುದು ಅವಶ್ಯಕ.

ಸರಕನ್ನು ಎತ್ತಿಡುವ ಕ್ರಮವನ್ನು ಮೊದಲೇ ಗೊತ್ತುಮಾಡಿಕೊಳ್ಳಬೇಕು. ಪ್ರತಿ ತಟ್ಟೆಗೂ ಮುಚ್ಚಳವಿರಲಿ. ತಟ್ಟೆಗಳು ಒಂದರ ಮೇಲೊಂದು ಕೂಡುವಂತಿರಲಿ. ನೀರು ಹೋಗದ ಪೆಟ್ಟಿಗೆ ಮೇಜಿನ ಕೆಳಗೆ ಇಟ್ಟಿಗೆಗಳ ಮೇಲೆ ಸಿದ್ಧವಿರಲಿ. ಮೇಳದ ಮೊದಲ ದಿನ ಬೆಳಿಗ್ಗೆ ಒಮ್ಮೆ ಅಭ್ಯಾಸ ಮಾಡಿ, 5 ನಿಮಿಷದೊಳಗೆ ಎಲ್ಲವನ್ನೂ ಪೆಟ್ಟಿಗೆಗೆ ಸೇರಿಸಲು ಸಾಧ್ಯವೇ ಎಂದು ನೋಡಿಕೊಳ್ಳಬೇಕು. ಭಾರತ ಹವಾಮಾನ ಇಲಾಖೆಯ ಮುನ್ಸೂಚನೆಯನ್ನು ಪ್ರತಿ ದಿನ ಬೆಳಿಗ್ಗೆ ಮತ್ತು ಮಧ್ಯಾಹ್ನ ಗಮನಿಸತಕ್ಕದ್ದು. ಸಿಡಿಲಿನ ಮುನ್ನೆಚ್ಚರಿಕೆಗಾಗಿ ‘ದಾಮಿನಿ’ ಮೊಬೈಲ್ ಆ್ಯಪ್ ಲಭ್ಯವಿದೆ.

ಗುಡುಗು ಕೇಳಿಸಿದ ಕೂಡಲೇ ಸರಕನ್ನು ಬಿಟ್ಟು ಜನರು ಸುರಕ್ಷಿತ ಸ್ಥಳಕ್ಕೆ ತೆರಳಬೇಕು. ಲೋಹದ ಕಂಬಗಳ ಚಪ್ಪರವಾಗಲಿ, ಒಂಟಿ ಮರವಾಗಲಿ ಸಿಡಿಲಿನಿಂದ ರಕ್ಷಣೆ ನೀಡುವುದಿಲ್ಲ. ಪಕ್ಕಾ ಕಟ್ಟಡ ಅಥವಾ ಮುಚ್ಚಿದ ವಾಹನದೊಳಗೆ ಆಶ್ರಯ ಪಡೆದು, ಕೊನೆಯ ಗುಡುಗಿನ ನಂತರ 30 ನಿಮಿಷ ಕಳೆದ ಮೇಲೆ ಹೊರಬರಬೇಕು. ಕಳೆದ ಸರಕನ್ನು ಮತ್ತೆ ತಯಾರಿಸಬಹುದು. ಪ್ರಾಣಹಾನಿಗೆ ಪರಿಹಾರವಿಲ್ಲ ಎಂಬುದನ್ನು ಕುಟುಂಬದ ಎಲ್ಲರಿಗೂ ಮೊದಲೇ ತಿಳಿಸಿರಬೇಕು.

5. ವಸ್ತುವಿನ ನಿಜವಾದ ವಿವರ

ಮೇಳದಲ್ಲಿ ಕೈತಯಾರಿಕೆಯ ಒಡವೆಯ ಪಕ್ಕದ ಮಳಿಗೆಯಲ್ಲಿಯೇ ಅದನ್ನು ಹೋಲುವ ಯಂತ್ರದ ಒಡವೆ ನಾಲ್ಕನೆಯ ಒಂದು ಭಾಗದ ಬೆಲೆಗೆ ದೊರೆಯಬಹುದು. ಗ್ರಾಹಕರಿಗೆ ವ್ಯತ್ಯಾಸ ತಿಳಿಯದಿದ್ದರೆ ಅವರು ಕಡಿಮೆ ಬೆಲೆಯದನ್ನು ಕೊಳ್ಳುವುದು ಸಹಜ. ವ್ಯತ್ಯಾಸವನ್ನು ಬಾಯಲ್ಲಿ ಹೇಳುವುದಕ್ಕಿಂತ ತೋರಿಸುವುದು ಪರಿಣಾಮಕಾರಿ. ಒಂದು ಬಿದರಿ ಪದಕದ ಎರಕದ ತುಂಡು, ಚಾಣದಿಂದ ಕೆತ್ತಿದ ತುಂಡು, ಬೆಳ್ಳಿ ಕೂರಿಸಿದ ತುಂಡು ಮತ್ತು ಕಪ್ಪಾದ ಪೂರ್ಣ ಪದಕವನ್ನು ಸಾಲಾಗಿ ಇಟ್ಟರೆ ಕೆಲಸದ ಶ್ರಮ ನೋಡುವವರಿಗೆ ತಾನಾಗಿ ಅರ್ಥವಾಗುತ್ತದೆ. ಮಳಿಗೆಯಲ್ಲಿಯೇ ಸಾಧ್ಯವಾದ ಮಣಿ ಪೋಣಿಸುವ, ತಂತಿ ಬಾಗಿಸುವ ಅಥವಾ ಕವಡೆ ಹೊಲಿಯುವ ಕೆಲಸವನ್ನು ಬಿಡುವಿನ ವೇಳೆಯಲ್ಲಿ ಮಾಡುತ್ತಾ ಕುಳಿತರೆ ಜನರು ನಿಂತು ನೋಡುತ್ತಾರೆ. ಬೆಂಕಿ ಬಳಸುವ ಬೆಸುಗೆ ಕೆಲಸವನ್ನು ಮಾತ್ರ ಬಟ್ಟೆಯ ಚಪ್ಪರದ ಕೆಳಗೆ ಮಾಡಕೂಡದು.

ಪ್ರತಿ ಒಡವೆಯ ಜೊತೆ ಸಣ್ಣ ಚೀಟಿಯೊಂದನ್ನು ಇಡುವುದು ಸೂಕ್ತ. ಅದರಲ್ಲಿ ವಸ್ತು, ತಯಾರಿಸಿದ ವಿಧಾನ, ಊರು, ಬೆಲೆ ಮತ್ತು ಆರೈಕೆಯ ಕ್ರಮವಿರಬೇಕು. ಈ ಕೆಳಗಿನ ಅಂಶಗಳನ್ನು ವಿಶೇಷವಾಗಿ ಗಮನಿಸತಕ್ಕದ್ದು:

ಅ) ‘ಜರ್ಮನ್ ಸಿಲ್ವರ್’ ಎಂಬ ಹೆಸರಿನ ಲೋಹದಲ್ಲಿ ಬೆಳ್ಳಿಯ ಅಂಶವಿಲ್ಲ. ಅದು ತಾಮ್ರ, ನಿಕ್ಕಲ್ ಮತ್ತು ಸತುವಿನ ಮಿಶ್ರಲೋಹ. ಬೆವರು ನಿಕ್ಕಲ್ಲನ್ನು ಕರಗಿಸುವುದರಿಂದ ಕೆಲವರ ಕಿವಿ ಮತ್ತು ಕತ್ತಿನಲ್ಲಿ ಬೇಸಿಗೆಯಲ್ಲಿ ತುರಿಕೆ, ಗಂದೆ ಉಂಟಾಗುತ್ತವೆ. ಲೋಹದ ಹೆಸರನ್ನೂ ನಿಕ್ಕಲ್ ಇರುವುದನ್ನೂ ಚೀಟಿಯಲ್ಲಿ ಬರೆಯಬೇಕು. ಬೇರಾವುದೇ ಓಲೆಯ ಕೊಂಡಿಯಲ್ಲಿ ನಿಕ್ಕಲ್ ಇದ್ದರೂ ಹಾಗೆಯೇ ತಿಳಿಸಬೇಕು.

ಆ) ‘ಒಂದು ಗ್ರಾಂ ಗೋಲ್ಡ್’ ಎಂದು ಕರೆಯಲಾಗುವ ಒಡವೆಗಳು ಚಿನ್ನದ ತೆಳು ಲೇಪವಿರುವವು. ಅವುಗಳನ್ನು ಚಿನ್ನದ ಒಡವೆಯೆಂದು ಹೇಳಬಾರದು.

ಇ) ಬೆಳ್ಳಿಯ ಮೇಲೆ 925 ಎಂದಿದ್ದರೆ 1000 ಭಾಗಗಳಲ್ಲಿ 925 ಭಾಗ ಶುದ್ಧ ಬೆಳ್ಳಿ ಎಂದರ್ಥ. ಅಂಕಿಯನ್ನು ಕೆತ್ತಿದ ಮಾತ್ರಕ್ಕೆ ಅದು ಹಾಲ್‌ಮಾರ್ಕ್ ಆಗುವುದಿಲ್ಲ. ಭಾರತೀಯ ಮಾನಕ ಬ್ಯೂರೋ ಮಾನ್ಯ ಮಾಡಿದ ಕೇಂದ್ರದಲ್ಲಿ ಪರೀಕ್ಷೆಗೊಂಡು ಗುರುತು ಪಡೆದುದಕ್ಕೆ ಮಾತ್ರ ಹಾಲ್‌ಮಾರ್ಕ್ ಎಂಬ ಪದ ಸಲ್ಲುತ್ತದೆ. ಚಿನ್ನದ ಆಭರಣಗಳಿಗೆ 2021ರ ಜೂನ್ 23ರಿಂದ ಹಂತ ಹಂತವಾಗಿ ಹಾಲ್‌ಮಾರ್ಕ್ ಕಡ್ಡಾಯಗೊಂಡಿದೆ. ಬೆಳ್ಳಿಗೆ ವಿಶಿಷ್ಟ ಗುರುತಿನ ಸಂಖ್ಯೆಯುಳ್ಳ ಹಾಲ್‌ಮಾರ್ಕ್ ಪದ್ಧತಿಯನ್ನು 2025ರ ಸೆಪ್ಟೆಂಬರ್ 1ರಿಂದ ಐಚ್ಛಿಕವಾಗಿ ಆರಂಭಿಸಲಾಯಿತು.

ಈ) ಬಿದರಿ ಕಲೆಯೂ ಚನ್ನಪಟ್ಟಣದ ಆಟಿಕೆ ಮತ್ತು ಬೊಂಬೆಗಳೂ ಸಂಡೂರಿನ ಲಂಬಾಣಿ ಕಸೂತಿಯೂ ಭೌಗೋಳಿಕ ಸೂಚ್ಯಂಕದ ನೋಂದಣಿ ಪಡೆದಿವೆ. ಈ ಹೆಸರುಗಳನ್ನು ಬೇರೆಡೆ ತಯಾರಾದ ಸರಕಿಗೆ ಬಳಸುವುದು ಕಾನೂನುಬಾಹಿರ. ತಮ್ಮ ಉತ್ಪನ್ನವು ನೋಂದಣಿಯ ವ್ಯಾಪ್ತಿಗೆ ಬರುತ್ತದೆಯೇ ಎಂಬುದನ್ನು ತಿಳಿದುಕೊಂಡು ಅಧಿಕೃತ ಬಳಕೆದಾರರಾಗಿ ಹೆಸರು ನೋಂದಾಯಿಸಿಕೊಳ್ಳುವುದು ಪ್ರಯೋಜನಕರ.

ಉ) ಬೀಜಗಳ ಆಭರಣದಲ್ಲಿ ಗುಲಗಂಜಿಯ ಬಳಕೆಯಿದೆ. ಒಂದು ಕಾಲಕ್ಕೆ ಅಕ್ಕಸಾಲಿಗರ ತೂಕದ ಅಳತೆಯಾಗಿದ್ದ ಈ ಕೆಂಪು ಕಪ್ಪು ಬೀಜವು ಅತ್ಯಂತ ವಿಷಕಾರಿ. ಅಗಿದು ನುಂಗಿದರೆ ಪ್ರಾಣಾಪಾಯವಾಗಬಹುದು. ಗುಲಗಂಜಿಯಿಂದ ಮಕ್ಕಳ ಆಭರಣ ತಯಾರಿಸಕೂಡದು.

ಊ) ಆನೆಯ ದಂತ, ಆಮೆಯ ಚಿಪ್ಪು ಮತ್ತು ರಕ್ಷಿತ ಪಟ್ಟಿಯಲ್ಲಿರುವ ಹವಳಗಳ ಮಾರಾಟವನ್ನು ವನ್ಯಜೀವಿ (ಸಂರಕ್ಷಣೆ) ಅಧಿನಿಯಮ, 1972 ನಿಷೇಧಿಸುತ್ತದೆ.

ತಪ್ಪು ವಿವರ ನೀಡಿ ಮಾರಾಟ ಮಾಡುವುದು ಗ್ರಾಹಕ ಸಂರಕ್ಷಣಾ ಅಧಿನಿಯಮ, 2019ರ ಅಡಿಯಲ್ಲಿ ಅನುಚಿತ ವ್ಯಾಪಾರ ಪದ್ಧತಿ ಎನಿಸುತ್ತದೆ. ಗ್ರಾಹಕರು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ದೂರು ನೀಡಬಹುದು.

6. ಬೆಲೆ, ತೂಕ ಮತ್ತು ಪಾವತಿ

ಅನೇಕ ಕುಶಲಕರ್ಮಿಗಳು ಕಚ್ಚಾ ಸಾಮಗ್ರಿಯ ವೆಚ್ಚಕ್ಕೆ ಸ್ವಲ್ಪ ಲಾಭ ಸೇರಿಸಿ ಬೆಲೆ ಹೇಳುತ್ತಾರೆ. ತಮ್ಮ ಹಾಗೂ ಮನೆಯವರ ದುಡಿಮೆಯನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಉದಾಹರಣೆಗೆ, ಒಂದು ಸರಕ್ಕೆ 120 ರೂಪಾಯಿಯ ಸಾಮಗ್ರಿ ಮತ್ತು 4 ಗಂಟೆಯ ಕೆಲಸ ತಗಲಿತೆಂದು ಭಾವಿಸೋಣ. ಗಂಟೆಗೆ 70 ರೂಪಾಯಿಯಂತೆ ಕೂಲಿ 280 ರೂಪಾಯಿ. ಮೇಳದ ಮಳಿಗೆ ಬಾಡಿಗೆ, ಪ್ರಯಾಣ, ಊಟ, ವಸತಿಗೆ ಒಟ್ಟು 6,000 ರೂಪಾಯಿ ಖರ್ಚಾಗಿ 100 ಒಡವೆಗಳು ಮಾರಾಟವಾದರೆ ಪ್ರತಿ ಒಡವೆಯ ಪಾಲು 60 ರೂಪಾಯಿ. ಹೀಗೆ ಲಾಭವಿಲ್ಲದೆಯೇ ಅಸಲು 460 ರೂಪಾಯಿ ಆಗುತ್ತದೆ. ಇದನ್ನು 300 ರೂಪಾಯಿಗೆ ಚೌಕಾಸಿ ಮಾಡಿ ಕೊಟ್ಟರೆ ಕೈಗೆ ಹಣ ಬಂದಂತೆ ಕಂಡರೂ ಪ್ರತಿ ಸರಕ್ಕೆ 160 ರೂಪಾಯಿಯಷ್ಟು ದುಡಿಮೆ ವ್ಯರ್ಥವಾಗಿರುತ್ತದೆ. ಕೊನೆಯ ದಿನದ ರಿಯಾಯಿತಿಯನ್ನು ನಿರ್ಧರಿಸುವಾಗ ಈ ಲೆಕ್ಕ ಕೈಯಲ್ಲಿರಬೇಕು.

ತೂಕದ ಮೇಲೆ ಬೆಳ್ಳಿ ಮಾರುವವರು ಕಾನೂನು ಮಾಪನಶಾಸ್ತ್ರ ಅಧಿನಿಯಮ, 2009ರ ಪ್ರಕಾರ ಸತ್ಯಾಪನೆಗೊಂಡು ಮುದ್ರೆ ಪಡೆದ ತಕ್ಕಡಿಯನ್ನೇ ಬಳಸತಕ್ಕದ್ದು. ಬಯಲಿನ ಗಾಳಿಯು ಸೂಕ್ಷ್ಮ ತಕ್ಕಡಿಯ ಅಂಕಿಯನ್ನು ಏರುಪೇರು ಮಾಡುವುದರಿಂದ ಗಾಳಿ ತಡೆಯುವ ಮುಚ್ಚಳವಿರಬೇಕು. ಕೂಲಿ ಮತ್ತು ಲೋಹದ ಬೆಲೆಯನ್ನು ರಶೀದಿಯಲ್ಲಿ ಪ್ರತ್ಯೇಕವಾಗಿ ತೋರಿಸುವುದು ಸೂಕ್ತ.

ಮೊಬೈಲ್ ಮೂಲಕ ಹಣ ಪಡೆಯುವಾಗ ಗ್ರಾಹಕರು ತೋರಿಸುವ ಪರದೆಯನ್ನು ಮಾತ್ರ ನಂಬದೆ, ತಮ್ಮ ಖಾತೆಗೆ ಹಣ ಜಮೆಯಾದ ಸಂದೇಶವನ್ನು ನೋಡಿಕೊಳ್ಳಬೇಕು. ಹಣ ಪಾವತಿಯ ಕ್ಯೂಆರ್ ಚೀಟಿಯ ಮೇಲೆ ಬೇರೆಯವರು ತಮ್ಮದನ್ನು ಅಂಟಿಸಿಲ್ಲವೆಂಬುದನ್ನು ಪ್ರತಿ ಬೆಳಿಗ್ಗೆ ಪರಿಶೀಲಿಸಬೇಕು. ಬಿಸಿಲಿನಲ್ಲಿಟ್ಟ ಮೊಬೈಲ್ ಕಾದು ಸ್ಥಗಿತಗೊಳ್ಳುವುದರಿಂದ ಅದನ್ನೂ ನೆರಳಿನಲ್ಲಿ ಇಡಬೇಕು.

7. ಅಗತ್ಯ ದಾಖಲೆಗಳು

ಕೇಂದ್ರ ಜವಳಿ ಸಚಿವಾಲಯದ ಕರಕುಶಲ ಅಭಿವೃದ್ಧಿ ಆಯುಕ್ತರ ಕಚೇರಿಯು ಕುಶಲಕರ್ಮಿಗಳಿಗೆ ಗುರುತಿನ ಚೀಟಿ ನೀಡುತ್ತದೆ. ‘ಪೆಹಚಾನ್’ ಹೆಸರಿನ ಈ ಚೀಟಿ 2016ರಲ್ಲಿ ಜಾರಿಗೆ ಬಂದಿತು. ಗಾಂಧಿ ಶಿಲ್ಪ ಬಜಾರ್ ಮುಂತಾದ ಮೇಳಗಳಿಗೆ ಅರ್ಜಿ ಸಲ್ಲಿಸುವಾಗ ಇದು ಉಪಯುಕ್ತ. ಇದರೊಂದಿಗೆ ಮಳಿಗೆ ಹಂಚಿಕೆಯ ಪತ್ರ, ಆಧಾರ್, ಪ್ಯಾನ್, ಬ್ಯಾಂಕ್ ಪಾಸ್ ಪುಸ್ತಕದ ಪ್ರತಿ ಹಾಗೂ ಸರಕಿನ ಪಟ್ಟಿಯನ್ನು ಜೊತೆಯಲ್ಲಿ ಇಟ್ಟುಕೊಳ್ಳಬೇಕು.

ಹೊರರಾಜ್ಯದ ಮೇಳಕ್ಕೆ ಸರಕು ಒಯ್ಯುವವರು ಸರಕು ಮತ್ತು ಸೇವಾ ತೆರಿಗೆಯ ನಿಯಮಗಳನ್ನು ತಿಳಿದಿರಬೇಕು. ನಿಗದಿತ ವಹಿವಾಟಿನ ಮಿತಿಯೊಳಗಿನ ಕುಶಲಕರ್ಮಿಗಳಿಗೆ, ಅಧಿಸೂಚಿತ ಕರಕುಶಲ ವಸ್ತುಗಳ ಅಂತರರಾಜ್ಯ ಮಾರಾಟಕ್ಕೆ ನೋಂದಣಿಯಿಂದ ಷರತ್ತುಬದ್ಧ ವಿನಾಯಿತಿಯಿದೆ. ಆದರೆ ಈ ವಿನಾಯಿತಿ ಪಡೆಯುವವರು ಪ್ಯಾನ್ ಹೊಂದಿರಬೇಕು ಮತ್ತು ಸರಕಿನ ಮೌಲ್ಯ ಎಷ್ಟೇ ಕಡಿಮೆಯಿದ್ದರೂ ಇ-ವೇ ಬಿಲ್ ಪಡೆದಿರಬೇಕು. ತಮ್ಮ ಆಭರಣವು ಅಧಿಸೂಚಿತ ಪಟ್ಟಿಯಲ್ಲಿದೆಯೇ ಎಂಬುದನ್ನು ಹೊರಡುವ ಮೊದಲೇ ಸ್ಥಳೀಯ ವಾಣಿಜ್ಯ ತೆರಿಗೆ ಕಚೇರಿಯಲ್ಲಿ ವಿಚಾರಿಸುವುದು ಒಳ್ಳೆಯದು.

8. ಕುಶಲಕರ್ಮಿಗಳ ಆರೋಗ್ಯ

ಸರಕಿಗೆ ನೆರಳು ಮಾಡಿ ತಾವು ಬಿಸಿಲಿನಲ್ಲಿ ನಿಲ್ಲುವುದು ಮೇಳಗಳಲ್ಲಿ ಸಾಮಾನ್ಯವಾಗಿ ಕಂಡುಬರುವ ದೃಶ್ಯ. ಮಧ್ಯಾಹ್ನ 12ರಿಂದ 3 ಗಂಟೆಯವರೆಗೆ ಸರದಿಯಂತೆ ವಿಶ್ರಾಂತಿ ಪಡೆಯಲು ಪ್ರತಿ ಮಳಿಗೆಗೆ ಕನಿಷ್ಠ ಇಬ್ಬರಿರುವುದು ಅಗತ್ಯ. ಒಬ್ಬರೇ ಬಂದವರು ನೆರೆಯ ಮಳಿಗೆಯವರೊಡನೆ ಪರಸ್ಪರ ನೋಡಿಕೊಳ್ಳುವ ಏರ್ಪಾಡು ಮಾಡಿಕೊಳ್ಳಬಹುದು. ಬಾಯಾರಿಕೆಯಾಗುವವರೆಗೆ ಕಾಯದೆ ನೀರು, ಮಜ್ಜಿಗೆ ಅಥವಾ ಓಆರ್‌ಎಸ್ ದ್ರಾವಣವನ್ನು ಆಗಾಗ್ಗೆ ಸೇವಿಸಬೇಕು. ಶೌಚಾಲಯದ ಅನುಕೂಲವಿಲ್ಲವೆಂದು ಮಹಿಳೆಯರು ನೀರು ಕುಡಿಯದೆ ಇರುವುದು ಅಪಾಯಕರ. ಮಳಿಗೆ ಒಪ್ಪಿಕೊಳ್ಳುವ ಮೊದಲೇ ಕುಡಿಯುವ ನೀರು ಮತ್ತು ಶೌಚಾಲಯದ ವ್ಯವಸ್ಥೆಯ ಬಗ್ಗೆ ಸಂಘಟಕರನ್ನು ಕೇಳುವ ಹಕ್ಕು ಪ್ರತಿಯೊಬ್ಬ ಕುಶಲಕರ್ಮಿಗೂ ಇದೆ.

ತಲೆಸುತ್ತು, ವಾಕರಿಕೆ, ಸ್ನಾಯು ಸೆಳೆತ ಕಂಡುಬಂದವರನ್ನು ನೆರಳಿಗೆ ಕರೆದೊಯ್ದು ಮೈ ತಂಪು ಮಾಡಬೇಕು. ಮಾತು ತೊದಲುವುದು, ಪ್ರಜ್ಞೆ ತಪ್ಪುವುದು, ಮೈ ಅತಿಯಾಗಿ ಕಾಯುವುದು ಶಾಖಾಘಾತದ ಲಕ್ಷಣಗಳಾಗಿದ್ದು, ತಕ್ಷಣ 108ಕ್ಕೆ ಕರೆ ಮಾಡತಕ್ಕದ್ದು. ಪ್ರಜ್ಞೆಯಿಲ್ಲದವರ ಬಾಯಿಗೆ ನೀರು ಹಾಕಬಾರದು.

9. ಮೇಳದ ನಂತರ

ಮೇಳ ಮುಗಿದ ದಿನವೇ ಯಾವ ಮಾದರಿ ಎಷ್ಟು ಮಾರಾಟವಾಯಿತು, ಯಾವುದನ್ನು ಜನರು ಕೈಗೆತ್ತಿಕೊಂಡು ಮರಳಿ ಇಟ್ಟರು, ಯಾವ ಬೆಲೆಗೆ ಹಿಂದೆ ಸರಿದರು, ಯಾವ ವಸ್ತು ಬಿಸಿಲಿಗೆ ಕೆಟ್ಟಿತು ಎಂಬುದನ್ನು ಒಂದು ಪುಸ್ತಕದಲ್ಲಿ ಬರೆದಿಡಬೇಕು. ಮುಂದಿನ ವರ್ಷ ಏನು ತಯಾರಿಸಬೇಕು, ಎಷ್ಟು ಒಯ್ಯಬೇಕು ಎಂಬುದಕ್ಕೆ ಇದಕ್ಕಿಂತ ವಿಶ್ವಾಸಾರ್ಹ ಆಧಾರ ಬೇರೊಂದಿಲ್ಲ. ಉಳಿದ ಸರಕನ್ನು ಒರೆಸಿ, ಕೊಂಡಿ ಮತ್ತು ತಿರುಪುಗಳನ್ನು ಪರಿಶೀಲಿಸಿ, ಒಣ ಸ್ಥಳದಲ್ಲಿ ಇಡಬೇಕು. ಒಡವೆಯ ಕೊಂಡಿ ಕಳಚಿದರೆ ಸರಿಪಡಿಸಿಕೊಡುವುದಾಗಿ ಚೀಟಿಯಲ್ಲಿ ಬರೆದು ಕೊಟ್ಟು ಅದರಂತೆ ನಡೆದುಕೊಂಡವರನ್ನು ಗ್ರಾಹಕರು ಮರುವರ್ಷ ಹುಡುಕಿಕೊಂಡು ಬರುತ್ತಾರೆ.

ಹೆಚ್ಚಿನ ಮಾಹಿತಿಗಾಗಿ

ಮೇಳಗಳ ವೇಳಾಪಟ್ಟಿ, ಮಳಿಗೆಗೆ ಅರ್ಜಿ ಮತ್ತು ಕುಶಲಕರ್ಮಿ ಗುರುತಿನ ಚೀಟಿಯ ವಿವರಗಳಿಗಾಗಿ ಆಯಾ ಜಿಲ್ಲೆಯ ಜಿಲ್ಲಾ ಕೈಗಾರಿಕಾ ಕೇಂದ್ರವನ್ನು ಕಚೇರಿ ವೇಳೆಯಲ್ಲಿ ಸಂಪರ್ಕಿಸಬಹುದು. ಈ ಪುಟದ ಮಾಹಿತಿಯು ಸಾಮಾನ್ಯ ಮಾರ್ಗದರ್ಶನಕ್ಕಾಗಿ ಮಾತ್ರ ಇದ್ದು, ತೆರಿಗೆ ಹಾಗೂ ಪರವಾನಗಿಗೆ ಸಂಬಂಧಿಸಿದ ವಿಷಯಗಳಲ್ಲಿ ಜಾರಿಯಲ್ಲಿರುವ ಅಧಿನಿಯಮ ಮತ್ತು ನಿಯಮಗಳೇ ಅಂತಿಮವಾಗಿರುತ್ತವೆ.